ಪದ್ಯ ಮುಗಿದ ಮೇಲೆ ಕೈ ಎಲ್ಲಿಡೋದು?

ಯಕ್ಷಗಾನದ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಹೆಜ್ಜೆ ಕಲಿಯೋಕೆ ಹೋದಾಗ ನನಗೆ 31 ವರ್ಷ. "ಈ ವಯಸ್ಸಲ್ಲಿ ಧಿಗಿಣ ಹಾಕಿದ್ರೆ ಮಂಡಿ ಹೋಗುತ್ತೆ" ಅಂತ ಅಮ್ಮ ಹೆದರಿಸಿದ್ದರು. ಧಿಗಿಣ ಅಂದರೆ ಹಾರಿ ಹಾರಿ ಸುತ್ತೋ ಕುಣಿತ. ಮಂಡಿಗೇನೂ ಆಗಲಿಲ್ಲ. ಕೈಕೊಟ್ಟಿದ್ದು ಮಾತು.

ನನಗೆ ಸಿಕ್ಕಿದ್ದು ಅಭಿಮನ್ಯು, ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ. ಯಕ್ಷಗಾನದಲ್ಲಿ ಪದ್ಯ ಹಾಡೋದು ಭಾಗವತರು, ನಾವು ಅದಕ್ಕೆ ಕುಣಿದು, ಅಭಿನಯ ಮಾಡಿ, ಆಮೇಲೆ ಅದೇ ಪದ್ಯದ ಅರ್ಥವನ್ನು ನಮ್ಮದೇ ಮಾತಲ್ಲಿ ಹೇಳಬೇಕು. ಆ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ನಾನು ಭಯಕ್ಕೆ ಎರಡು ಪುಟ ಬರೆದು ಬಾಯಿಪಾಠ ಮಾಡಿದ್ದೆ. ಅಭ್ಯಾಸದ ದಿನ ದ್ರೋಣನ ಪಾತ್ರದವರು, "ಒಳಗೆ ಬಂದೆಯಲ್ಲ ಮಗು, ಹೊರಗೆ ಹೋಗುವ ದಾರಿ ಯಾರು ಹೇಳಿಕೊಟ್ಟರು?" ಅಂತ ಕೇಳಿಬಿಟ್ಟರು. ನನ್ನ ಎರಡು ಪುಟದಲ್ಲಿ ಅದು ಇರಲೇ ಇಲ್ಲ!

ಗುರುಗಳು ಆ ಹಾಳೆ ಇಸಕೊಂಡು ಮೂರೇ ವಿಷಯ ಇಟ್ಟುಕೋ ಅಂದರು. ಹುಡುಗನಿಗೆ 16 ವರ್ಷ, ಅಪ್ಪ ಅರ್ಜುನ ಗೆಲುವು ಇಲ್ಲವೇ ಸಾವು ಅಂತ ಆಣೆ ಇಟ್ಟ ಸಂಶಪ್ತಕರ ವಿರುದ್ಧ ಬೇರೆ ಕಡೆ ಯುದ್ಧದಲ್ಲಿದ್ದಾನೆ, ಚಕ್ರವ್ಯೂಹದ ಒಳಗೆ ಹೋಗೋದಷ್ಟೇ ಇವನಿಗೆ ಗೊತ್ತು. ಯಾರು ಏನೇ ಕೇಳಲಿ, ಉತ್ತರ ಈ ಮೂರರಲ್ಲೇ ಎಲ್ಲೋ ಸಿಗುತ್ತೆ. ಸಿಕ್ಕಿತು ಕೂಡ, ಆದರೆ ತಿಂಗಳುಗಟ್ಟಲೆ ತೊದಲಿದ ಮೇಲೆ.

ಇನ್ನೊಂದು ಕಷ್ಟ ಶ್ರುತಿಯದು. ಮಾತಿಗೂ ಶ್ರುತಿ ಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಭಾಗವತರು ಪದ್ಯ ನಿಲ್ಲಿಸಿದರೂ ಶ್ರುತಿ ಹಿಂದೆ ಕೇಳ್ತಾನೇ ಇರುತ್ತೆ, ನಾವು ಅದರ ಕೆಳಗೆ ಜಾರಿದರೆ ರಂಗಸ್ಥಳದ ಮೇಲೆ ಯಾರೋ ಫೋನಲ್ಲಿ ಮಾತಾಡಿದ ಹಾಗಿರುತ್ತೆ. ಧಿಗಿಣ ಹಾಕಿ ಏದುಸಿರು ಬಿಡ್ತಾ ಶ್ರುತಿ ಹಿಡಿಯೋದಂತೂ ಕೇಳಲೇಬೇಡಿ. ಚೆಂಡೆಯವರು ಬಿಡ್ತಿಗೆ (ಪದ್ಯ ನಿಂತಾಗಿನ ನುಡಿಸಾಣಿಕೆ) ಬಾರಿಸುವಾಗ ಮೂಗಿನಲ್ಲೇ ಉಸಿರು ಎಳೆದುಕೊಂಡರೆ ಮೊದಲ ವಾಕ್ಯ ಹೇಗೋ ದಾಟುತ್ತೆ.

ಕೈ ವಿಷಯ. ಪದ್ಯದಲ್ಲಿ "ಬಿಲ್ಲು" ಅಂದ ಕೂಡಲೇ ಬಿಲ್ಲು, "ಕಣ್ಣು" ಅಂದ ಕೂಡಲೇ ಕಣ್ಣು ತೋರಿಸ್ತಿದ್ದೆ, ಕಿವಿ ಕೇಳದವರಿಗೆ ದಾರಿ ಹೇಳಿದ ಹಾಗೆ. ಈಗ ಒಂದು ಸಾಲಿಗೆ ಒಂದೇ ಭಾವ. ಪದ್ಯ ಮುಗಿದಾಗ ಕೈಯನ್ನು ಸುಮ್ನೆ ಕೆಳಗೆ ಬಿಡೋದಿಲ್ಲ, ಕೊನೆಯ ಭಂಗಿಯಿಂದಲೇ ಮಾತು ಶುರು ಮಾಡ್ತೀನಿ. ಇದೊಂದು ಬದಲಾದ ಮೇಲೆ ಕುಣಿಯೋ ಅಭಿಮನ್ಯು, ಮಾತಾಡೋ ಅಭಿಮನ್ಯು ಒಬ್ಬನೇ ಆದ.

ಆಟದ ದಿನ ದ್ರೋಣರು ಹಳೇ ಪ್ರಶ್ನೆ ಕೇಳಲೇ ಇಲ್ಲ. "ಬಿಲ್ಲು ಹಿಡಿಯಲು ಯಾರು ಕಲಿಸಿದರು?" ಅಂದರು.

"ನಿಮ್ಮ ಶಿಷ್ಯ" ಅಂದೆ.

ಹಿಂದಿನಿಂದ ಭಾಗವತರು "ಹೌದು, ಹೌದು" ಅಂದರು.