ಶ್ರೀನಗರದಿಂದ ಲೇಹ್‌ಗೆ ಕಾರಿನಲ್ಲಿ: ಮೊದಲು ಮಲಗುವ ಊರು ಗೊತ್ತುಮಾಡಿ

ಶ್ರೀನಗರದಿಂದ ಲೇಹ್‌ಗೆ ಸುಮಾರು 420 ಕಿಲೋಮೀಟರ್. ಈ ಲೆಕ್ಕ ನೋಡಿದ ತಕ್ಷಣ ನಮ್ಮವರು ‘ಬೆಂಗಳೂರು–ಹುಬ್ಬಳ್ಳಿಯಷ್ಟೇ ತಾನೇ, ಬೆಳಿಗ್ಗೆ ಬೇಗ ಬಿಟ್ಟರೆ ರಾತ್ರಿ ಊಟಕ್ಕೆ ಲೇಹ್’ ಅಂದುಬಿಡುತ್ತಾರೆ. ಹೋಗಿ ಸೇರುವುದೇನೋ ಸೇರುತ್ತಾರೆ. ಮರುದಿನ ಹೋಟೆಲ್ ರೂಮಿನಲ್ಲಿ ತಲೆ ಹಿಡಿದುಕೊಂಡು, ಬಕೆಟ್ ಪಕ್ಕಕ್ಕಿಟ್ಟುಕೊಂಡು ಮಲಗಿರುತ್ತಾರೆ. ವಾರದ ರಜೆಯಲ್ಲಿ ಎರಡು ದಿನ ಅಲ್ಲಿಗೇ ಖಲಾಸ್. ಇಂಥವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ತಿಂಗಳು

ಸೆಪ್ಟೆಂಬರ್. ಬೇರೆ ಮಾತಿಲ್ಲ. ಮೇ ತಿಂಗಳಲ್ಲಿ ಜೋಜಿಲಾ ಕಣಿವೆದಾರಿಯಲ್ಲಿ ಹಿಮದ ಗೋಡೆ ನೋಡಬಹುದು ನಿಜ, ಆದರೆ ಅದು ಕರಗಿದ ನೀರೆಲ್ಲ ರಸ್ತೆ ಮೇಲೇ ಹರಿಯುತ್ತದೆ. ಜುಲೈ–ಆಗಸ್ಟ್ ಹೊತ್ತಿಗೆ ಅಮರನಾಥ ಯಾತ್ರೆಯ ವಾಹನಗಳು ಸೋನಾಮಾರ್ಗ್ ಹತ್ತಿರದ ಬಾಲ್ತಾಲ್‌ವರೆಗೂ ಇದೇ ರಸ್ತೆಯಲ್ಲಿ ಬರುತ್ತವೆ. ಮಳೆ ಬಂದರೆ ಗುಡ್ಡ ಜಾರುವುದು ಬೇರೆ.

ಗಾಡಿ

ಸ್ವಂತ ಕಾರಾದರೆ ಚಿಂತೆಯಿಲ್ಲ. ಶ್ರೀನಗರದ ಟ್ಯಾಕ್ಸಿಯಾದರೆ ಅದು ನಿಮ್ಮನ್ನು ಲೇಹ್‌ಗೆ ಬಿಟ್ಟು ವಾಪಸ್ ಹೋಗುತ್ತದೆ. ಅಲ್ಲಿ ಸುತ್ತಾಡಲು ಲಡಾಖ್‌ನ ಟ್ಯಾಕ್ಸಿಯನ್ನೇ ಹಿಡಿಯಬೇಕು, ಯೂನಿಯನ್‌ನವರು ಹೊರಗಿನ ಬಾಡಿಗೆ ಗಾಡಿಗಳನ್ನು ಬಿಡುವುದಿಲ್ಲ. ಕಪ್ಪು ನಂಬರ್ ಪ್ಲೇಟಿನ ಸೆಲ್ಫ್ ಡ್ರೈವ್ ಕಾರಿಗೂ ಇದೇ ಗತಿ. ಇದಕ್ಕೆ ಕೆಲವರು ಕಂಡುಕೊಂಡ ಅಡ್ಡದಾರಿ ಏನೆಂದರೆ, ಬಿಳಿ ಪ್ಲೇಟಿನ ಕಾರನ್ನೇ ಒಳಗಿಂದೊಳಗೆ ಬಾಡಿಗೆಗೆ ತೆಗೆದುಕೊಂಡು ‘ಫ್ರೆಂಡ್ ಗಾಡಿ’ ಅನ್ನುವುದು. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಆ ಸ್ನೇಹವನ್ನು ಒಪ್ಪುವುದಿಲ್ಲ. ಬೇಡ.

ರಾತ್ರಿ ಎಲ್ಲಿ? ಎಲ್ಲರೂ ಎಡವುವುದು ಇಲ್ಲೇ

ಬಹುತೇಕರು ಕಿಲೋಮೀಟರನ್ನು ದಿನಕ್ಕಿಷ್ಟು ಎಂದು ಸಮನಾಗಿ ಹಂಚುತ್ತಾರೆ. ಹಂಚಬೇಕಾದದ್ದು ಎತ್ತರವನ್ನು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಶ್ರೀನಗರ 1,600 ಮೀಟರ್, ಲೇಹ್ 3,500 ಮೀಟರ್. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಜಿಮ್‌ಗೆ ಹೋಗುವ ಹುಡುಗನಿಗೂ ಬೇಕು, ಅವನ ಅಜ್ಜಿಗೂ ಬೇಕು. ನಿಜ ಹೇಳಬೇಕೆಂದರೆ ಮೊದಲು ಮಲಗುವವನು ಆ ಹುಡುಗನೇ, ಯಾಕೆಂದರೆ ಗಾಡಿ ಇಳಿದ ತಕ್ಷಣ ರೀಲ್ಸ್ ಮಾಡಲು ಗುಡ್ಡ ಹತ್ತುತ್ತಾನೆ.

ವೈದ್ಯರು ಹೇಳುವ ಲೆಕ್ಕ ಸರಳ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ಹಗಲು ಎತ್ತರಕ್ಕೆ ಹೋಗಿ ಬಂದರೆ ಅಷ್ಟು ತೊಂದರೆಯಿಲ್ಲ, ರಾತ್ರಿ ಕೆಳಗಿರಬೇಕು. ಇದನ್ನು ಹಿಡಿದುಕೊಂಡು ದಾರಿ ನೋಡಿ.

ಮೊದಲ ದಿನ ಶ್ರೀನಗರದಿಂದ ಸೋನಾಮಾರ್ಗ್, ಬರೀ 80 ಕಿಲೋಮೀಟರ್, ಎತ್ತರ ಸುಮಾರು 2,700 ಮೀಟರ್. 2025ರ ಜನವರಿಯಲ್ಲಿ ಹೊಸ ಸುರಂಗ ಶುರುವಾದ ಮೇಲೆ ಈ ಹಾದಿ ಇನ್ನೂ ಸಲೀಸು. ‘ಇಷ್ಟು ಬೇಗ ನಿಲ್ಲಿಸೋದಾ’ ಎಂದು ಹಿಂದಿನ ಸೀಟಿನಿಂದ ಗೊಣಗಾಟ ಬರುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ಎರಡನೇ ದಿನ ಜೋಜಿಲಾ ಹತ್ತಿ (3,528 ಮೀಟರ್), ದ್ರಾಸ್‌ನ ಯುದ್ಧಸ್ಮಾರಕ ನೋಡಿ, ಕಾರ್ಗಿಲ್‌ಗೆ ಇಳಿದು ಮಲಗಿ. ಕಾರ್ಗಿಲ್ ಮತ್ತೆ 2,700ರ ಆಸುಪಾಸು.

ಮೂರನೇ ದಿನವೇ ಕೀಲಿಕೈ. ಮುಲ್ಬೆಖ್‌ನಲ್ಲಿ ರಸ್ತೆ ಪಕ್ಕದ ಬಂಡೆಯಲ್ಲೇ ಕೆತ್ತಿದ ಮೈತ್ರೇಯ ಬುದ್ಧನಿದ್ದಾನೆ, ಎದುರಿಗೇ ಚಹಾ ಕುಡಿಯಬಹುದು. ಆಮೇಲೆ ನಮಿಕಾಲಾ ಕಣಿವೆದಾರಿ, ಅದರ ನಂತರ ಫೋತುಲಾ ಕಣಿವೆದಾರಿ. ಈ ಹೆದ್ದಾರಿಯ ಅತಿ ಎತ್ತರದ ಜಾಗ ಜೋಜಿಲಾ ಅಲ್ಲ, 4,108 ಮೀಟರಿನ ಈ ಫೋತುಲಾ. ಅದನ್ನು ಇಳಿದರೆ ಲಾಮಾಯುರು. ಹಳದಿ ಮಣ್ಣಿನ ಗುಡ್ಡಗಳ ನಡುವೆ ಮಠ, ಸಂಜೆ ಬಿಸಿಲು, ಚಂದದ ಗೆಸ್ಟ್‌ಹೌಸು. ಎಲ್ಲರೂ ಅಲ್ಲೇ ರೂಮು ಹಿಡಿಯುತ್ತಾರೆ. ನೀವು ಹಿಡಿಯಬೇಡಿ. ಲಾಮಾಯುರು ಲೇಹ್‌ನಷ್ಟೇ ಎತ್ತರ, ಕಾರ್ಗಿಲ್‌ನಿಂದ ಒಂದೇ ದಿನಕ್ಕೆ 800 ಮೀಟರ್ ಏರಿದ ಹಾಗಾಯಿತು. ಮಠ ನೋಡಿ, ಫೋಟೊ ತೆಗೆದು, ಸಿಂಧೂ ನದಿಯವರೆಗೂ ಇಳಿದು ಆಲ್ಚಿಯಲ್ಲಿ ಮಲಗಿ. ಅದು ಸುಮಾರು 3,100 ಮೀಟರ್, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಬೆಳಿಗ್ಗೆ ಅಲ್ಲಿನ ಹಳೆಯ ಮಠದ ಗೋಡೆಚಿತ್ರ ನೋಡಿಕೊಂಡು ಹೊರಟರೆ ಲೇಹ್ ಇನ್ನು 65 ಕಿಲೋಮೀಟರ್, ಏರುವುದು 400 ಮೀಟರ್ ಮಾತ್ರ.

ಮನಾಲಿ ಕಡೆಯಿಂದ ಯಾಕಾಗಬಾರದು ಅಂತ ಕೇಳುತ್ತೀರಿ, ಅಲ್ವಾ? ಅಲ್ಲಿ ಜಿಸ್ಪಾದಲ್ಲಿ 3,200 ಮೀಟರ್‌ಗೆ ಮಲಗಿದವರು ಮರುರಾತ್ರಿ ಸರ್ಚು ಟೆಂಟಿನಲ್ಲಿ 4,200 ದಾಟಿ ಮಲಗುತ್ತಾರೆ. ನಿದ್ದೆ ಬರಲ್ಲ, ಉಸಿರು ಸಾಕಾಗಲ್ಲ, ನಡುರಾತ್ರಿ ಕೆಳಗಿಳಿಯುವುದೂ ಸುಲಭವಲ್ಲ. ಆ ರಸ್ತೆಯನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ, ಅಷ್ಟೊತ್ತಿಗೆ ದೇಹ ಒಗ್ಗಿರುತ್ತದೆ.

ತಲೆನೋವು, ವಾಕರಿಕೆ, ಸುಸ್ತು ಶುರುವಾದರೆ ಮೇಲೆ ಹೋಗಬೇಡಿ, ಅಲ್ಲೇ ಇರಿ. ಜಾಸ್ತಿಯಾದರೆ, ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ತಕ್ಷಣ ಕೆಳಗಿಳಿದು ಆಸ್ಪತ್ರೆ ಸೇರಿ. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಡಯಮಾಕ್ಸ್ ಮಾತ್ರೆಯನ್ನು ಊರಲ್ಲೇ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು. ಇನ್ನು ಆನ್‌ಲೈನ್‌ನಲ್ಲಿ ಮಾರುವ ಆಕ್ಸಿಜನ್ ಸ್ಪ್ರೇ ಡಬ್ಬಿ ಶುದ್ಧ ದಂಡ. ಕೆಲವೇ ನಿಮಿಷಕ್ಕೆ ಖಾಲಿ, ಆದರೆ ಕೈಯಲ್ಲಿದೆ ಎಂಬ ಧೈರ್ಯಕ್ಕೆ ಜನ ಇನ್ನೂ ಮೇಲೆ ಹೋಗುತ್ತಾರೆ. ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ ಅನ್ನುವವರೂ ಇದ್ದಾರೆ. ಇಲ್ಲ. ಕರ್ಪೂರ ದೇವರಿಗಿರಲಿ.

ರಸ್ತೆಯಲ್ಲಿ

ಜೋಜಿಲಾದಲ್ಲಿ ಎಷ್ಟೋ ಸಲ ಒಂದು ಹೊತ್ತು ಒಂದೇ ದಿಕ್ಕಿನ ಗಾಡಿ ಬಿಡುತ್ತಾರೆ. ಹೊತ್ತು ಬದಲಾಗುತ್ತಿರುತ್ತದೆ, ಹಿಂದಿನ ಸಂಜೆಯೇ ಸೋನಾಮಾರ್ಗ್‌ನಲ್ಲಿ ಪೊಲೀಸರನ್ನೋ ಹೋಟೆಲಿನವರನ್ನೋ ಕೇಳಿ. ಕಡಿದಾದ ಮಣ್ಣು ರಸ್ತೆ, ಒಂದು ಪಕ್ಕ ಪ್ರಪಾತ. ಮುಂದಿನ ಲಾರಿಗೆ ಅಂಟಿಕೊಂಡು ಹೋಗಬೇಡಿ, ಅದು ನಿಂತು ಒಂದು ಗೇಣು ಹಿಂದೆ ಜಾರಿಯೇ ಮುಂದಕ್ಕೆ ಹೊರಡುತ್ತದೆ.

ಫೋತುಲಾದಿಂದ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಚಾಳಿ ಬಿಡಿ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ಇಲ್ಲದಿದ್ದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಮತ್ತೂ ಒತ್ತಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಹತ್ತಿ ಬರುವ ಗಾಡಿಗೆ ಮೊದಲು ದಾರಿ. ಸೇನೆಯ ಸಾಲು ಬಂದರೆ ಪಕ್ಕಕ್ಕೆ ನಿಲ್ಲಿಸಿ ಚಹಾ ಕುಡಿಯಿರಿ.

ಚಿಲ್ಲರೆ ವಿಷಯ

ಊರಿನ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡಲ್ಲ, ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಿಂದ ದುಡ್ಡೂ ಹೋಗಲ್ಲ, ಹಾಗಾಗಿ ನಗದು ಬೇಕು. ಟ್ಯಾಂಕ್ ಶ್ರೀನಗರದಲ್ಲಿ ಫುಲ್, ಕಾರ್ಗಿಲ್‌ನಲ್ಲಿ ಮತ್ತೆ ಫುಲ್. ಅವಲಕ್ಕಿ, ಚಟ್ನಿಪುಡಿ ಇರಲಿ. ಮದ್ಯ ಬೇಡ. ಲೇಹ್ ಹತ್ತಿರದ ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಸುಮ್ನೆ ನಿಲ್ಲಬೇಡಿ, ಅದು ಬರೀ ಕಣ್ಣಿನ ಮೋಸ. ಆ ಹೊತ್ತನ್ನು ನಿಮ್ಮು ಬಳಿ ಸಿಂಧೂ–ಝನ್ಸ್‌ಕಾರ್ ನದಿಗಳು ಸೇರುವ ಜಾಗಕ್ಕೆ ಕೊಡಿ, ಎರಡು ಬಣ್ಣದ ನೀರು ಸ್ವಲ್ಪ ದೂರ ಬೇರೆ ಬೇರೆಯಾಗಿಯೇ ಹರಿಯುವುದು ಕಾಣುತ್ತದೆ.

ಲೇಹ್ ತಲುಪಿದ ಮರುದಿನ ಊರೊಳಗೇ ಇರಿ, ಲೇಹ್‌ಗಿಂತ ಬಹಳ ಮೇಲಿರುವ ಖಾರ್ದುಂಗ್‌ಲಾ ಕಣಿವೆದಾರಿ ಬೇಡ. ಪ್ಯಾಂಗಾಂಗ್ ಸರೋವರದ ಟೆಂಟನ್ನು ಬೆಂಗಳೂರಿನಲ್ಲೇ ಕುಳಿತು ಬುಕ್ ಮಾಡಲೂಬೇಡಿ. ಅದು 4,200 ಮೀಟರ್ ಮೇಲಿದೆ. ಕೊಟ್ಟ ದುಡ್ಡು ವಾಪಸ್ ಬರಲ್ಲ ಅಂತ ತಲೆನೋವು ಇಟ್ಟುಕೊಂಡೇ ಹೊರಡುತ್ತೀರಿ. ಲೇಹ್‌ನಲ್ಲಿ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದ ಮೇಲೆ ಅಲ್ಲಿನ ಹೋಟೆಲಿನವರಿಗೇ ಹೇಳಿ, ಬುಕ್ ಮಾಡಿಕೊಡುತ್ತಾರೆ.