ಮಣ್ಣಿನ ಗೋಡೆಗೆ ಸುಣ್ಣದ ಗಿಲಾವ್: ಹಳೇ ಮನೆಯಲ್ಲಿ ನಾನೇ ಮಾಡಿದ್ದು

ಕಲ್ಲು ಮಣ್ಣಿನಲ್ಲಿ ಕಟ್ಟಿದ ಹಳೇ ಗೋಡೆಗೆ ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಒಗ್ಗುವುದಿಲ್ಲ. ಧಾರವಾಡದ ಹೊಸಯಲ್ಲಾಪುರದಲ್ಲಿರುವ ನಮ್ಮ ಮನೆಯ ಗೋಡೆ ಎರಡಡಿ ದಪ್ಪ. ಎರಡೂ ಮೈಗೆ ಕಲ್ಲು, ನಡುವೆ ಮಣ್ಣು. ಇಂಥ ಗೋಡೆ ನೆಲದ ತೇವವನ್ನು ಮೇಲೆಳೆದುಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟ್ ಬಳಿದರೆ ಆ ತೇವ ಒಳಗೇ ಸಿಕ್ಕಿಬೀಳುತ್ತದೆ. ನಮ್ಮ ಪಡಸಾಲೆಯಲ್ಲಿ ಸೊಂಟದೆತ್ತರದವರೆಗೆ ಬಿಳಿ ಸವಳು, ಅಂದರೆ ಗೋಡೆಯಿಂದ ಹೊರಬರುವ ಉಪ್ಪು, ಹತ್ತಿತ್ತು, ಬಡಿದರೆ ಪೊಳ್ಳು ಸಪ್ಪಳ. ಕೇಳಿದ ಗೌಂಡಿಗಳೆಲ್ಲ ಕೆತ್ತಿ ಮತ್ತೆ ಸಿಮೆಂಟನ್ನೇ ಹಚ್ಚೋಣ ಅಂದರು. ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿ ಒಬ್ಬರು ಓಣಿಯಲ್ಲಿದ್ದರು, ವಯಸ್ಸಾಗಿ ಕೆಲಸ ಬಿಟ್ಟವರು. "ನಾ ಕುಂತು ಹೇಳತೇನಿ, ನೀ ಮಾಡತೀ ಏನವಾ?" ಅಂದರು. ಮಾಡಿದೆ.

ಬೇಸಿಗೆಯಲ್ಲಿ ಕೆತ್ತುವುದು, ಮಳೆಗಾಲವಿಡೀ ಸುಣ್ಣ ನೆನೆಸಿಡುವುದು, ದಸರಾ ಕಳೆದ ಮೇಲೆ ಗಿಲಾವ್. ಈ ಕ್ರಮ ಅವರದೇ. ನಮ್ಮ ಕಡೆಯ ಚೈತ್ರ ವೈಶಾಖದ ಬಿಸಿಗಾಳಿಗೆ ಸುಣ್ಣ ಹಚ್ಚಿದರೆ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ.

ಸಿಮೆಂಟನ್ನು ಸಣ್ಣ ಸುತ್ತಿಗೆ, ಚಾಣದಿಂದ ತುಂಡು ತುಂಡಾಗಿ ಬಿಡಿಸಿದೆ. ಜೋರಾಗಿ ಬಡಿದರೆ ಹಿಂದಿನ ಕಲ್ಲೇ ಸಡಿಲಾಗುತ್ತದೆ. ದೀಪದ ಮಾಡಗಳ ಸುತ್ತ ಅಂತೂ ಕೈ ಬಹಳ ಹಗುರ ಇರಬೇಕು. ಸವಳನ್ನು ಒಣ ಬ್ರಷ್‌ನಿಂದಲೇ ಉಜ್ಜಿ, ಉದುರಿದ ಪುಡಿಯನ್ನು ಹೊರಗೆ ಒಯ್ದು ಚೆಲ್ಲಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಇದರ ಜೊತೆಗೇ ತೇವದ ಮೂಲವನ್ನೂ ನೋಡಬೇಕು. ನಮ್ಮ ಹಿತ್ತಲಿನ ಫರಸಿ ಕಲ್ಲುಹಾಸು ಗೋಡೆಯ ಕಡೆಗೇ ಇಳಿಜಾರಾಗಿತ್ತು. ಅದನ್ನು ಕಿತ್ತು ಗಟಾರದ ಕಡೆಗೆ ಇಳಿಜಾರು ಕೊಟ್ಟೆ. ಈ ಒಂದು ಕೆಲಸ ಬಿಟ್ಟಿದ್ದರೆ ಉಳಿದದ್ದೆಲ್ಲ ದಂಡವಾಗುತ್ತಿತ್ತು.

ಸಂದುಗಳಲ್ಲಿ ಸಡಿಲಾದ ಮಣ್ಣು ತೆಗೆದು, ಕಲ್ಲಿನ ಚಕ್ಕೆ ಕೂರಿಸಿ ಕೆಂಪು ಮಣ್ಣು ತುಂಬಿದೆ. ನವಲಗುಂದದ ಕಡೆಯ ಎರೆಮಣ್ಣು ಇದಕ್ಕೆ ಬೇಡ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಸುಣ್ಣ ಅರಳಿಸುವಾಗ ಎಚ್ಚರ ಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಟ್ಟ ಸುಣ್ಣದ ಹರಳು ಸ್ವಲ್ಪ ಸ್ವಲ್ಪವಾಗಿ. ಹರಳಿನ ಮೇಲೆ ನೀರು ಸುರಿಯಲೇಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ ಆ ಕಾವಿಗೆ ತಡೆಯುವುದಿಲ್ಲ. ಕಣ್ಣಿಗೆ ಗಾಗಲ್, ಕೈಗೆ ರಬ್ಬರ್ ಗ್ಲೌಸ್ ಕಡ್ಡಾಯ. ಮಕ್ಕಳು ಹತ್ತಿರ ಸುಳಿಯಬಾರದು. ಅರಳಿದ್ದನ್ನು ಸೋಸಿ, ಮೇಲೆ ಸದಾ ನೀರು ನಿಲ್ಲುವಂತೆ ಇಟ್ಟೆ. ಅರಳದ ಹರಳು ಉಳಿದರೆ ಗಿಲಾವ್ ಆದ ತಿಂಗಳುಗಳ ಮೇಲೆ ಸಿಡಿದು ಗುಳಿ ಬೀಳುತ್ತದೆ. ಅದಕ್ಕೇ ಇಷ್ಟು ದಿನ ನೆನೆಸುವುದು.

ಉಸುಕಿನಲ್ಲಿ ಮಣ್ಣೆಷ್ಟಿದೆ ಎಂದು ನೋಡಲು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಇಟ್ಟೆ. ಮೇಲೆ ಕೂರುವ ಮಣ್ಣಿನ ಪದರ 8 ಪರ್ಸೆಂಟ್ ಮೀರಿದರೆ ಉಸುಕು ತೊಳೆಯಬೇಕು. ಒಂದು ಬುಟ್ಟಿ ಸುಣ್ಣದ ಮುದ್ದೆಗೆ ಎರಡು ಬುಟ್ಟಿ ಉಸುಕು, ಒಂದು ಬುಟ್ಟಿ ಸುರ್ಕಿ, ಅಂದರೆ ಇಟ್ಟಂಗಿ ಪುಡಿ. ಸುರ್ಕಿಗೆ ಹದವಾಗಿ ಸುಟ್ಟ ಇಟ್ಟಂಗಿಯೇ ಬೇಕು. ಕರ್ರಗೆ ಸುಟ್ಟದ್ದರ ಪುಡಿ ಸುಣ್ಣದೊಂದಿಗೆ ಸರಿಯಾಗಿ ಕೂಡುವುದಿಲ್ಲ. ಪುಂಡಿ ನಾರನ್ನು ಬೆರಳುದ್ದ ಕತ್ತರಿಸಿ ಮೊದಲ ಪದರಿಗೆ ಬೆರೆಸಿದೆ, ಬಿರುಕು ತಡೆಯಲು. ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿಯೂ ಇದೆ. ನಾನು ಬೆಲ್ಲದ ನೀರಷ್ಟೇ, ಅದೂ ತುಸು ಹಾಕಿದೆ. ನೀರು ಹೆಚ್ಚಿಸದೆ ಕುಟ್ಟಿ ಕುಟ್ಟಿಯೇ ಮೆದು ಮಾಡಬೇಕು. "ತೋಳು ಸೋತ ಮ್ಯಾಲ ಇನ್ನೊಂದೀಟು ಕುಟ್ಟು" ಎನ್ನುತ್ತಿದ್ದರು ಹಿರಿಯರು.

ಗೋಡೆಗೆ ತುಂತುರು ನೀರು ಹೊಡೆದು, ಕರಣಿಯಿಂದ ಬೀಸಿ ಎಸೆದೆ. ಒತ್ತಿ ಬಳಿದದ್ದಕ್ಕಿಂತ ಎಸೆದದ್ದು ಕಲ್ಲಿನ ಸಂದಿಗೆ ಚೆನ್ನಾಗಿ ಕಚ್ಚುತ್ತದೆ. ಒಂದು ಪದರು 10-12 ಮಿಲಿಮೀಟರ್ ಮೀರಬಾರದು. ಮೊಳೆಯಿಂದ ಗೀರು ಹಾಕಿ, ಉಗುರು ಊರದಷ್ಟು ಗಟ್ಟಿಯಾಗುವವರೆಗೆ ಬಿಟ್ಟೆ. ಆಮೇಲೆ ಸಣ್ಣ ಉಸುಕಿನ ತೆಳು ಪದರು. ಪಟ್ಟಿ ಹಿಡಿದು ಕನ್ನಡಿಯಂತೆ ಸಪಾಟು ಮಾಡಲು ಹೋಗಲಿಲ್ಲ. ಹಳೇ ಗೋಡೆಯ ಉಬ್ಬುತಗ್ಗು ನನಗೆ ಇಷ್ಟ, ಅದನ್ನು ಮುಚ್ಚಲು ದಪ್ಪ ಹಚ್ಚಿದರೆ ಬೀಳುತ್ತದೆ. ಕಿಟಕಿಗಳಿಗೆ ಒದ್ದೆ ಗೋಣಿ ತಟ್ಟು ಕಟ್ಟಿ, ದಿನಕ್ಕೆ ಮೂರ್ನಾಲ್ಕು ಸಲ ತುಂತುರು ಹೊಡೆದೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ತೇವವೂ ಬೇಕು, ತಿಂಗಳುಗಳೂ ಬೇಕು.

ಮೇಲೆ ಬಣ್ಣ ಅಂದರೆ ಸುಣ್ಣದ ನೀರೇ, ತೆಳ್ಳಗೆ ಹಲವು ಸಲ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಸಿಮೆಂಟ್ ಕಿತ್ತದ್ದು ವ್ಯರ್ಥ. ಹಿತ್ತಲ ಗೋಡೆಯ ಬುಡದಲ್ಲಿ ಗೇಣೆತ್ತರ ಈಗಲೂ ತುಸು ಸವಳು ಬರುತ್ತದೆ. ಗೋಡೆಯೊಳಗೆ ಉಳಿದ ಉಪ್ಪು ಮೆತ್ತಗಿನ ಸುಣ್ಣದ ಮೂಲಕ ಹೊರಬೀಳುವುದೇ ಸರಿ, ಕಲ್ಲು ಮಣ್ಣು ಉಳಿಯುತ್ತದೆ. ಅದನ್ನು ಒಣ ಬ್ರಷ್‌ನಿಂದ ಉಜ್ಜುತ್ತಿದ್ದೇನೆ. ತೀರ ಉದುರತೊಡಗಿದರೆ ಅಷ್ಟೇ ಪಟ್ಟಿ ಕೆತ್ತಿ ಹೊಸದಾಗಿ ಹಚ್ಚಲು ಡ್ರಮ್ಮಿನಲ್ಲಿ ಸುಣ್ಣ ನೀರಿನಡಿ ಇದೆ.