ಮಾಸ್ಕ್ ಇಲ್ಲದವರಿಗೆ ತಕ್ಕಡಿ ಎತ್ತಬೇಡಿ: ನಮ್ಮ ಸಂತೆಯಲ್ಲಿ ನಾನು ಮಾಡಿದ್ದು

ಮೊನ್ನೆ ತಾಲ್ಲೂಕಿನ ಸಭೆ ಮುಗಿದ ಮೇಲೆ ನನ್ನ ಹಾಗೆಯೇ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆಗಿರುವ ಪಕ್ಕದ ಪಂಚಾಯ್ತಿಯವರೊಬ್ಬರು ಚಹಾ ಕುಡಿಯುತ್ತಾ ಕೇಳಿದರು: "ಕೊರೊನಾದಾಗ ಸಂತಿ ಮಂದಿಗೆ ಮಾಸ್ಕ್ ಹೆಂಗ ಹಾಕಿಸಿದ್ರಿ ಮೇಡಂ, ಒಂಚೂರು ಬರದು ಕೊಡ್ರಲ್ಲ." 2020ರಲ್ಲಿ ಇದೇ ಸಭೆಯಲ್ಲಿ "ಮಾಸ್ಕ್ ದಂಡದ ಪುಸ್ತಕ ಬಿಟ್ಟು ಸಂತಿ ಸುಂಕ ಮಾಫಿ ಮಾಡಿದ್ರ ಆಡಿಟ್‌ನ್ಯಾಗ ನಿಮ್ಮ ಪಗಾರದಾಗ ಹಿಡೀತಾರ" ಎಂದು ಹೆದರಿಸಿದವರಲ್ಲಿ ಅವರೂ ಒಬ್ಬರು. ಪಗಾರದಲ್ಲಿ ಯಾರೂ ಹಿಡಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ಸೀಮೆ. ವಾರದ ಸಂತೆಗೆ ಕುಂತು ಮಾರುವವರು ಸುಮಾರು 160 ಮಂದಿ, ಬಂದು ಹೋಗುವವರು ಒಂದೂವರೆ ಸಾವಿರದ ಮೇಲೆ. ಸುತ್ತಲಿನ ಹದಿನಾಲ್ಕು ಹಳ್ಳಿಗಳ ಉಸಿರು ವಾರಕ್ಕೊಮ್ಮೆ ಅದೇ ಅರ್ಧ ಎಕರೆಯಲ್ಲಿ ಸೇರುತ್ತದೆ. ಏಪ್ರಿಲ್ 15ರ ಕೇಂದ್ರದ ಮಾರ್ಗಸೂಚಿ ಸಾರ್ವಜನಿಕ ಸ್ಥಳದಲ್ಲಿ ಮುಖಗವಸು ಕಡ್ಡಾಯ ಎಂದಾಗ ಸಂತೆ ಬಂದ್ ಇತ್ತು, ನಮಗೆ ಬಿಸಿ ತಾಗಲಿಲ್ಲ. ಸಡಿಲಿಕೆಯಾಗಿ ಸಂತೆ ಮತ್ತೆ ಕೂಡಿದಾಗ ನಿಜವಾದ ಕೆಲಸ ಶುರುವಾಯಿತು. ಅಷ್ಟರಲ್ಲಿ ಪಂಚಾಯ್ತಿ ಸದಸ್ಯರ ಅವಧಿಯೂ ಮುಗಿದಿತ್ತು. ಅವರ ಜಾಗಕ್ಕೆ ಬಂದ ಆಡಳಿತಾಧಿಕಾರಿಗಳಿಗೆ ಬೇರೆ ಪಂಚಾಯ್ತಿಗಳ ಹೊರೆಯೂ ಇತ್ತು. ಜುಲೈನಲ್ಲಿ ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕೆ ಕುಳಿತರು. ಅವರು ಕೇಳಿದ್ದು ನ್ಯಾಯವೇ. ಆದರೆ ಮನೆ ಮನೆಗೆ ಹೋಗಿ ಹೇಳುವ ಬಾಯಿಗಳೇ ನಮಗೆ ಇಲ್ಲವಾದವು. ಉಳಿದದ್ದು ನಾನು, ಕರವಸೂಲಿಗಾರ, ಇಬ್ಬರು ನೀರಗಂಟಿಗಳು.

ಮೊದಲು ಎಲ್ಲರಂತೆ ದಂಡವನ್ನೇ ಹಿಡಿದೆ. ಆರು ವಾರದಲ್ಲಿ ವಸೂಲಾಗಿದ್ದು ನಾಲ್ಕು ಸಾವಿರ ಚಿಲ್ಲರೆ. ಗಾಡಿ ಬಾಡಿಗೆ, ಮೈಕು, ರಸೀದಿ ಪುಸ್ತಕ, ಹುಡುಗರ ಊಟ ಸೇರಿ ಖರ್ಚಾಗಿದ್ದು ಏಳು ಸಾವಿರದ ಹತ್ತಿರ. ಹಣ ಹೋದದ್ದಕ್ಕಿಂತ ಹೆಚ್ಚು ನೋವಾಗಿದ್ದು ಬೇರೆ. ಜೀಪಿನ ಸದ್ದು ಕೇಳಿದರೆ ಮೂಗಿಗೆ ಸೆರಗು, ಜೀಪು ತಿರುಗಿದರೆ ಸೆರಗು ಕೆಳಗೆ. ಜನ ರೋಗಕ್ಕಲ್ಲ, ನನಗೆ ಹೆದರುತ್ತಿದ್ದರು. ಒಂದು ಸಲ ಒಬ್ಬ ಮುದುಕ ನನ್ನನ್ನು ನೋಡಿ ಓಡಲು ಹೋಗಿ ಟೊಮ್ಯಾಟೊ ರಾಶಿಯ ಮೇಲೆ ಬಿದ್ದ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಅಕ್ಟೋಬರ್ ಮೊದಲ ವಾರ ನೆನಪಿರಬೇಕು. ದಂಡ ಒಮ್ಮೆಲೇ ನಗರದಲ್ಲಿ 1000, ಹಳ್ಳಿಯಲ್ಲಿ 500 ಆಯಿತು. ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ಇದ್ದ ಕಾಲ ಅದು. ಹತ್ತಿರ ಹತ್ತಿರ ಎರಡು ದಿನದ ದುಡಿಮೆಯನ್ನು ಒಂದು ಮೂಗಿಗೆ ಕೇಳಬೇಕಿತ್ತು. ಆ ಸಂತೆಯಲ್ಲಿ ಮೂವರಿಗೆ 500ರಂತೆ ಹರಿದೆವು. ವಾರದೊಳಗೆ ದಂಡ 250 ಮತ್ತು 100ಕ್ಕೆ ಇಳಿಯಿತು. ಮುಂದಿನ ಸಂತೆಗೆ ಆ ಮೂವರೂ ರಸೀದಿ ಹಿಡಿದು ಬಂದು "ಉಳದ ನಾಕನೂರು ವಾಪಸ್ ಕೊಡ್ರೀ" ಎಂದು ನಿಂತರು. ಜಮೆಯಾದ ಹಣ ವಾಪಸ್ ಕೊಡುವ ದಾರಿ ನನಗಿರಲಿಲ್ಲ. ಅವರ ಮುಖ ನೋಡಿ ಮಾತು ಹೊರಡಲಿಲ್ಲ. ದಂಡದ ಪುಸ್ತಕವನ್ನು ಅವತ್ತೇ ಕಪಾಟಿನಲ್ಲಿಟ್ಟೆ.

ಮಾಸ್ಕಿನದೇ ಇನ್ನೊಂದು ಕಥೆ. ಮೊದಲ ಕಂತಿನ 600 ಮಾಸ್ಕ್ ಹೊರಗಿನ ಸರಬರಾಜುದಾರರಿಂದ ತರಿಸಿದ್ದೆ. ಒಂದು ಒಗೆತಕ್ಕೆ ಬಣ್ಣ ಬಿಟ್ಟವು, ಎರಡನೆಯದಕ್ಕೆ ಎಲಾಸ್ಟಿಕ್ ಕಿತ್ತು ಬಂತು. ತಲಾ 18 ರೂಪಾಯಿಯಂತೆ ಹತ್ತು ಸಾವಿರದ ಮೇಲೆ ನೀರಿಗೆ ಹೋಯಿತು. ಆಮೇಲೆ ನಮ್ಮೂರ ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಒಪ್ಪಿಸಿದೆ. ಅವರೂ ಮೊದಲು ಕಿವಿಗೆ ಹಾಕುವ ಎಲಾಸ್ಟಿಕ್‌ದನ್ನೇ ಹೊಲಿದರು. ಎಲಾಸ್ಟಿಕ್ ಆಗ ಬಂಗಾರ. ಹುಬ್ಬಳ್ಳಿಯಿಂದ ತರಿಸಿದರೆ ಹಿಂದಿನ ದರದ ಮೂರು ನಾಲ್ಕು ಪಟ್ಟು. ಅದೂ ನಮ್ಮ ಜನಕ್ಕೆ ಒಗ್ಗಲಿಲ್ಲ. ಕಿವಿಗೆ ಬುಗುಡಿ ಹಾಕಿದ ಅಜ್ಜಿಯರಿಗೆ ನೋವು, ರುಮಾಲು ಸುತ್ತಿದ ಹಿರಿಯರಿಗೆ ಕಿವಿಯೇ ಸಿಗುವುದಿಲ್ಲ. ಎಲೆ ಅಡಿಕೆ ಹಾಕುವವರು ಉಗುಳಲು ಹತ್ತು ಸಲ ಎಳೆದು ಒಂದೇ ಗಂಟೆಯಲ್ಲಿ ಹರಿದು ಹಾಕುತ್ತಿದ್ದರು.

ದಾರಿ ತೋರಿಸಿದ್ದು ಮೆಣಸಿನಕಾಯಿ. ನಮ್ಮ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಣ್ಣುಮಕ್ಕಳು ಘಾಟಿಗೆ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡೇ ಕೂರುತ್ತಾರೆ, ಇವತ್ತಿನಿಂದಲ್ಲ. ಒಂದು ದಿನ ಸಂಘದ ಅಧ್ಯಕ್ಷೆಯ ಮನೆಯಲ್ಲಿ ಲೆಕ್ಕ ನೋಡುತ್ತಾ ಕುಳಿತಿದ್ದೆ. ಅವರತ್ತೆ ತೊಟ್ಟು ಬಿಡಿಸುತ್ತಿದ್ದರು. ಕತ್ತಿನ ಹಿಂದೆ ಒಂದು ಗಂಟು, ನೆತ್ತಿಯ ಹಿಂದೆ ಒಂದು ಗಂಟು, ಕಿವಿಯ ಗೊಡವೆಯೇ ಇಲ್ಲ. ಮೇಲಿನ ಗಂಟು ಬಿಚ್ಚಿದರೆ ಬಟ್ಟೆ ಎದೆಯ ಮೇಲೆ ಇಳಿಯುತ್ತದೆ, ಕಳೆಯುವುದಿಲ್ಲ. ಆಯಿಯನ್ನು ಕೇಳಿದೆ, "ಇದನ್ನ ಕಟ್ಟಿಕೊಂಡು ಎಷ್ಟೊತ್ತು ಇರ್ತೀರಿ?" "ಹೊತ್ತು ಮುಳುಗೂ ತನಕ ಯವ್ವಾ. ಘಾಟು ಕಾಣತೈತೇನು? ಆದ್ರೂ ಕಟ್ಟತೇವಿ." ನನಗೆ ಬೇಕಾದ ಮಾತನ್ನು ಆಯಿ ಹೇಳಿಬಿಟ್ಟರು. ಕಣ್ಣಿಗೆ ಕಾಣದ್ದಕ್ಕೆ ಬಟ್ಟೆ ಕಟ್ಟುವುದು ನಮ್ಮ ಊರಿಗೆ ಹೊಸದಲ್ಲ. ಅಂದಿನಿಂದ ಮೈಕಿನಲ್ಲಿ "ಸಾಮಾಜಿಕ ಅಂತರ ಕಾಪಾಡಿ" ಕಮ್ಮಿ ಮಾಡಿ, "ಮೆಣಸಿನಕಾಯಿಗೆ ಕಟ್ಟಿದಂಗ ಕಟ್ರೀ" ಎಂದು ಹೇಳಿಸಿದೆ. ಒಂದು ವಾಕ್ಯಕ್ಕೆ ಇಷ್ಟು ಬಲ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊಸ ಮಾಸ್ಕ್ ನಾಲ್ಕು ಲಾಡಿಯದು, ಮೂರು ಪದರದ ಹತ್ತಿ ಬಟ್ಟೆ. ವಿಶ್ವ ಆರೋಗ್ಯ ಸಂಸ್ಥೆ ಜೂನ್‌ನಲ್ಲಿ ಮೂರು ಪದರ ಎಂದಿತ್ತು, ನಾವು ಅದನ್ನೇ ಹಿಡಿದೆವು. ಬಟ್ಟೆ ಮೀಟರಿಗೆ 50ರ ಆಸುಪಾಸು. ಮೊದಲು ಮೀಟರಿಗೆ ಐದೇ ಬರುತ್ತಿದ್ದವು, ಆಮೇಲೆ ಏಳಕ್ಕೆ ತಂದರು. ಆ ಕತ್ತರಿಸುವ ಲೆಕ್ಕ ಸಂಘದ ಹೆಣ್ಣುಮಕ್ಕಳು ತಾವೇ ಕಂಡುಕೊಂಡದ್ದು. ಅವರ ಅನ್ನದ ದಾರಿ, ಅದನ್ನು ಇಲ್ಲಿ ಬರೆಯಲಾರೆ. ಹೊಲಿಗೆ ಕೂಲಿ 4 ರೂಪಾಯಿ ಸೇರಿ 12ರೊಳಗೆ ಮುಗಿಯುತ್ತಿತ್ತು, 15ಕ್ಕೆ ಮಾರಿದರು. ಎಲ್ಲಾ ಸೇರಿ ಎರಡೂವರೆ ಸಾವಿರ ಮಾಸ್ಕ್ ಹೋಗಿರಬೇಕು. ಪಂಚಾಯ್ತಿ ಕೊಂಡ ಭಾಗದ ಬಿಲ್ಲು ಐದು ತಿಂಗಳು ನಿಂತಿತು. "ಸ್ವಂತ ನಿಧಿಯಿಂದ ಕೊಡಬಹುದೋ ಇಲ್ಲವೋ" ಎಂಬ ಒಂದೇ ಪ್ರಶ್ನೆಗೆ ನಾಲ್ಕು ಪತ್ರ ಬರೆದೆ. ಆ ಐದು ತಿಂಗಳೂ ಅವರು ಹೊಲಿಯುವುದನ್ನು ನಿಲ್ಲಿಸಲಿಲ್ಲ. ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಈಗ ತಕ್ಕಡಿಯ ವಿಷಯ. ಸಂತೆಯಲ್ಲಿ ನನ್ನ ಮಾತಿಗಿಂತ ಉಳ್ಳಾಗಡ್ಡಿ ಮಾರುವವನ ಮಾತಿಗೆ ಬೆಲೆ ಹೆಚ್ಚು. ಅವನು "ಮೂಗು ಮುಚ್ರೀ, ಆಮ್ಯಾಲೆ ತೂಗ್ತೇನಿ" ಎಂದರೆ ಗಿರಾಕಿ ಮುಚ್ಚುತ್ತಾನೆ. ಆದರೆ ಅವನೊಬ್ಬನೇ ಹಾಗೆಂದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. ಎರಡು ವಾರ ಬಿಡಿ ಬಿಡಿಯಾಗಿ ಒಪ್ಪಿಸಿ ಸೋತೆ. ಒಪ್ಪಿದವರಿಗೇ ನಷ್ಟವಾಯಿತು, ನನ್ನ ಮುಂದೆಯೇ ಬೈದರು. ಮೂರನೇ ವಾರ ಸಾಲಿನ ಲೆಕ್ಕಕ್ಕೆ ಬಂದೆ. ಉಳ್ಳಾಗಡ್ಡಿ ಸಾಲು, ಕಾಯಿಪಲ್ಲೆ ಸಾಲು, ಒಣಮೀನಿನ ಸಾಲು, ಬಟ್ಟೆ ಸಾಲು, ಬಳೆ ಸಾಲು, ಸೊಪ್ಪಿನ ಸಾಲು. ಯಾವ ಸಾಲಿನಲ್ಲಿ ನಿಂತ ನೂರು ಜನರಲ್ಲಿ 80 ಮಂದಿ ಮೂಗು ಮುಚ್ಚಿರುತ್ತಾರೋ ಆ ಸಾಲಿಗೆ ಅವತ್ತಿನ ಸುಂಕ ಇಲ್ಲ.

ಸುಂಕ ಆಗ ಕುಂತವರಿಗೆ ತಲಾ 10 ರೂಪಾಯಿ ಇತ್ತು. ಇಡೀ ಸಂತೆ ಬಿಟ್ಟರೂ ವಾರಕ್ಕೆ 1600. ದಂಡಕ್ಕೆ ಓಡಾಡಿದ ಖರ್ಚಿಗೆ ಹೋಲಿಸಿ ನೋಡಿ. ಹತ್ತು ರೂಪಾಯಿಗೆ ಯಾರು ಕೇಳುತ್ತಾರೆ ಎಂದು ಸಭೆಯಲ್ಲಿ ನಕ್ಕರು. ಹತ್ತು ರೂಪಾಯಿ ದೊಡ್ಡದಲ್ಲ, ಪಕ್ಕದ ಸಾಲಿಗೆ ಮಾಫಿಯಾಗಿ ತನ್ನ ಸಾಲಿಗೆ ಆಗಲಿಲ್ಲ ಎನ್ನುವುದು ದೊಡ್ಡದು. ಸುಂಕ ವಸೂಲಿಯನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರ ಒಪ್ಪಬೇಕಲ್ಲ ಎಂದು ನೀವು ಕೇಳುತ್ತೀರಿ. ಲಾಕ್‌ಡೌನ್‌ನಲ್ಲಿ ಅವರ ವಾರಗಳು ಸುಮಾರು ಹಾಳಾಗಿದ್ದವು, ಅವರದೂ ಒಂದು ಅರ್ಜಿ ನಮ್ಮಲ್ಲಿತ್ತು. ಎರಡನ್ನೂ ನಿಯಮದೊಳಗೆ ಹೇಗೆ ಕೂಡಿಸಿದೆ, ಠರಾವಿನ ಒಕ್ಕಣೆ ಹೇಗಿತ್ತು ಎಂಬುದು ನನ್ನ ಹತ್ತಿರವೇ ಇರಲಿ. ಎದುರು ಕುಳಿತರೆ ಹೇಳುತ್ತೇನೆ.

ಎಣಿಸುವುದಕ್ಕೆ ಎರಡು ಡಬ್ಬಿ. ಮೂಗು ಮುಚ್ಚಿದವರಿಗೆ ಒಂದು ಗೋವಿನಜೋಳದ ಕಾಳು, ಮುಚ್ಚದವರಿಗೆ ಒಂದು ಹುಣಸೆಬೀಜ. ಗದ್ದಕ್ಕೆ ಇಳಿಸಿದ್ದು ಹುಣಸೆಬೀಜವೇ. ಟವೆಲ್ಲೋ ಸೆರಗೋ ಗಟ್ಟಿ ಕಟ್ಟಿದ್ದರೆ ಜೋಳ, ಕೈಯಲ್ಲಿ ಹಿಡಿದಿದ್ದರೆ ಹುಣಸೆ. ನೂರಾದ ಕೂಡಲೇ ಸಾಲಿನವರ ಎದುರೇ ಸುರುವಿ ಎಣಿಸುವುದು. ಓದು ಬಾರದವರಿಗೂ ತಕರಾರಿಲ್ಲ. ಎಣಿಸಲು ಯಾರನ್ನು ಕೂರಿಸಬೇಕು ಎನ್ನುವುದರಲ್ಲಿ ಅರ್ಧ ಗೆಲುವಿದೆ. ನೀರಗಂಟಿಯನ್ನು ಕೂರಿಸಿದಾಗ ಸಂಬಂಧಿಕರಿಗೆಲ್ಲಾ ಜೋಳ ಬಿತ್ತು. ಆಮೇಲೆ ಒಂದು ಸಾಲಿನ ಡಬ್ಬಿಯನ್ನು ಇನ್ನೊಂದು ಸಾಲಿನವರ ಕೈಗೆ ಕೊಟ್ಟೆ, ಆಮೇಲೆ ಎಣಿಕೆಯಲ್ಲಿ ಒಂದು ಕಾಳಿನ ಮೋಸವೂ ಆಗಲಿಲ್ಲ.

ಶುರುವಿಗೆ ನೂರಕ್ಕೆ 20 ಜೋಳವೂ ಇರಲಿಲ್ಲ. ನಾಲ್ಕನೇ ಸಂತೆಗೆ ಉಳ್ಳಾಗಡ್ಡಿ ಸಾಲು 80 ದಾಟಿತು. ನವೆಂಬರ್ ಕೊನೆಗೆ ಒಣಮೀನು, ಬಟ್ಟೆ, ಕಾಯಿಪಲ್ಲೆ, ಎಲ್ಲವೂ 75ರಿಂದ 90. ಸೊಪ್ಪಿನ ಸಾಲು ಮಾತ್ರ 60ರಲ್ಲೇ ನಿಂತಿತು. ಸೊಪ್ಪು ಕಟ್ಟಿನ ಲೆಕ್ಕ, ಅಲ್ಲಿ ತಕ್ಕಡಿಯೇ ಇಲ್ಲ. ಗಿರಾಕಿ ಐದು ರೂಪಾಯಿ ಒಗೆದು ಕಟ್ಟು ಎತ್ತಿಕೊಂಡು ಹೋಗುತ್ತಾನೆ, ತಡೆಯುವ ಗಳಿಗೆಯೇ ಸಿಗುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕ್ಷೌರದ ಅಂಗಡಿಯ ಹಳೆಯ ದೊಡ್ಡ ಕನ್ನಡಿಯನ್ನು ಸಂತೆ ಬಾಗಿಲಿಗೆ ತೂಗುಹಾಕಿದೆ. ಹರೆಯದ ಹುಡುಗರು ತಲೆ ಬಾಚಲು ನಿಲ್ಲುತ್ತಿದ್ದರು, ನಿಂತವರು ಮಾಸ್ಕನ್ನೂ ಸರಿ ಮಾಡಿಕೊಳ್ಳುತ್ತಿದ್ದರು. ಆ ಬಾಗಿಲಿನ ಎಣಿಕೆ ಎಂಟು ಹತ್ತು ಹೆಚ್ಚು ಬಂತು. ಮೂರನೇ ವಾರ ಎತ್ತಿನ ಕೊಂಬು ತಾಗಿ ಒಡೆಯಿತು. ಸಂಘದಲ್ಲಿ ಹಣತೆ ಹಚ್ಚಿ, ಮಾಸ್ಕ್ ಕಟ್ಟಿಕೊಂಡು ಒಂದು ಗೇಣು ದೂರದಿಂದ ಊದಿ ನೋಡಿದೆವು. ಸಿಂಥೆಟಿಕ್ ಸೀರೆಯ ಒಂದೇ ಪದರದ್ದರಲ್ಲಿ ದೀಪ ಆರಿತು, ಮೂರು ಪದರದ ಹತ್ತಿಯದರಲ್ಲಿ ಆರಲಿಲ್ಲ. ವೈರಸ್ ತಡೆಯುತ್ತದೋ ಇಲ್ಲವೋ ಇದರಿಂದ ಗೊತ್ತಾಗುವುದಿಲ್ಲ, ಅದನ್ನು ಅವರಿಗೂ ಹೇಳಿದೆ. ಆದರೆ ಮೂರನೇ ಪದರಕ್ಕೆ ಬಟ್ಟೆ ಸುಮ್ಮನೆ ಹಾಳು ಎನ್ನುವ ಮಾತು ಅವತ್ತಿಗೆ ನಿಂತಿತು.

ಡಿಸೆಂಬರ್ ಪಂಚಾಯ್ತಿ ಚುನಾವಣೆ ಎಲ್ಲವನ್ನೂ ಕೆಡಿಸಿತು. 22 ಮತ್ತು 27ರ ಮತದಾನಕ್ಕೆ ಮುಂಚಿನ ಎರಡು ಸಂತೆಗಳಲ್ಲಿ ಕೈ ಮುಗಿಯುವವರು, ತಬ್ಬಿಕೊಳ್ಳುವವರು, ಮುಖ ಕಾಣಬೇಕೆಂದು ಮಾಸ್ಕ್ ಇಳಿಸಿದವರು. ಎಣಿಕೆ 45ಕ್ಕೆ ಬಿತ್ತು. ಮತ್ತೆ ಎತ್ತಲು ಫೆಬ್ರವರಿ ಮುಗಿಯಿತು. ಆದರೆ 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದಾಗ ನಾನು ಹೇಳುವ ಮೊದಲೇ ಉಳ್ಳಾಗಡ್ಡಿ ಸಾಲಿನವರು ಡಬ್ಬಿ ಕೇಳಿ ಒಯ್ದರು. 27ರಿಂದ ಲಾಕ್‌ಡೌನ್ ಆಗುವವರೆಗೆ ಆ ಸಾಲು 90ರಿಂದ ಕೆಳಗಿಳಿಯಲಿಲ್ಲ. ನಮ್ಮಲ್ಲಿ ಸಾವಾಗಲಿಲ್ಲ ಎಂದು ಹೇಳುವ ಭಾಗ್ಯ ನನಗಿಲ್ಲ, ಆದವು. ಮೆಣಸಿನಕಾಯಿ ಬಿಡಿಸುತ್ತಿದ್ದ ಆಯಿಯೂ ಹೋದರು. ಅವರಿಗೆ ತಗುಲಿದ್ದು ಸಂತೆಯಲ್ಲಲ್ಲ, ಮೊಮ್ಮಗಳ ಮದುವೆಯಲ್ಲಿ.

ಮದುವೆ ಮನೆಗೆ ನನ್ನ ಬಳಿ ಯಾವ ದಾರಿಯೂ ಸಿಗಲಿಲ್ಲ. ಅಲ್ಲಿ ತಕ್ಕಡಿ ಇಲ್ಲ, ಸುಂಕ ಇಲ್ಲ, ಸಾಲೂ ಇಲ್ಲ. ಎರಡು ಕಡೆ ಡಬ್ಬಿ ಇಡಿಸಿ ನೋಡಿದೆ, ಮಕ್ಕಳು ಕಾಳು ಹಿಡಿದು ಆಡಿದರು. ಇನ್ನೊಂದು ಕಡೆ ಅಡುಗೆಯವರಿಗೆ ಹೇಳಿ "ಮಾಸ್ಕ್ ಇಲ್ಲದವರಿಗೆ ಎಲೆ ಹಾಕಬೇಡಿ" ಎಂದೆ. ಬೀಗರಿಗೆ ಎಲೆ ಹಾಕದೆ ಇರುವುದು ಹೇಗೆ ಎಂದು ಅಡುಗೆಯವರು ನನ್ನನ್ನೇ ಕೇಳಿದರು, ಉಣ್ಣುವಾಗ ಅದನ್ನು ಬಿಚ್ಚಲೇಬೇಕಲ್ಲ ಎಂದೂ ಕೇಳಿದರು. ಯಾವ ಪಂಚಾಯ್ತಿಯಲ್ಲಾದರೂ ಮದುವೆಯಲ್ಲಿ ಇದು ನಡೆದಿದ್ದರೆ ನನಗೆ ತಿಳಿಸಿ. ಸಂತೆಯ ಠರಾವಿನ ಪ್ರತಿ ಆಗ ಕೊಡುತ್ತೇನೆ.